ನೀಲವ್ವನ ಉಪ್ಪಿನ ಗಡಿಗೆ

"ಸಾರಿಗೆ ಇನ್ನೂ ಉಪ್ಪು ಹಾಕಿಲ್ರಿ."

ನೀಲವ್ವ ಗಂಡನಿಗೆ ಹೇಳಿದ ಕಡೆಯ ಮಾತು ಇದು. ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಸಿದಳು. ಅಷ್ಟು ಹೇಳಿದಳು. ಕಣ್ಣು ಮುಚ್ಚಿದಳು.

ಗಂಡ ಕಲ್ಲಯ್ಯ ಹೊಳೆದಂಡೆಯ ಮಠದ ಶಿಷ್ಯ. ಬಂದವರಿಗೆಲ್ಲ ಅನ್ನ ಹಾಕುವ ದಾಸೋಹ ಅವನ ಕೈಯಲ್ಲಿತ್ತು. ಯಾರು ಯಾವ ಕೆಲಸ ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ, ಇದನ್ನು ಜೋಡಿಸುವುದರಲ್ಲಿ ಪಳಗಿದವನು. ಬೇರೆ ಮಠದವರೂ ತಮ್ಮ ಅಡುಗೆಮನೆ ಕೆಟ್ಟರೆ ಅವನನ್ನೇ ಕರೆಸುತ್ತಿದ್ದರು. ಹೋಗಿ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಸಂಜೆಗೆ, ನೀ ಇಲ್ಲಿ ನಿಲ್ಲು, ನೀ ಅಲ್ಲಿ ಎನ್ನುತ್ತಿದ್ದ. ಮರುದಿನ ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.

ಹೆಂಡತಿ ಹೋದ ಮೇಲೆ ಅವನದೇ ಅಡುಗೆಮನೆ ಕೆಟ್ಟಿತು.

ಮಠದ ಅಡುಗೆಯಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಕೆಲಸವನ್ನು ಮೂವರಿಗೆ ಹಂಚಿಕೊಟ್ಟಿದ್ದ. ಬೇಳೆ ದ್ಯಾಮವ್ವನಿಗೆ, ಕಾಯಿಪಲ್ಲೆ ಹನಮವ್ವನಿಗೆ, ಒಲೆ ಫಕೀರಪ್ಪನಿಗೆ. ಆದರೂ ಸಾರು ಒಂದು ದಿನ ಸಪ್ಪೆ, ಒಂದು ದಿನ ಬಾಯಿಗೆ ಇಡುವಂತಿಲ್ಲ.

"ನಾ ಉಪ್ಪು ಹಾಕಿದ್ದೆ," ಎಂದಳು ದ್ಯಾಮವ್ವ.

"ನಾನೂ ಹಾಕಿದೆ. ನೀ ಹಾಕೀದಿ ಅಂತ ನನಗೇನು ಕನಸು ಬಿದ್ದಿತ್ತೇನ?" ಎಂದಳು ಹನಮವ್ವ.

ಕಲ್ಲಯ್ಯ ಇಬ್ಬರನ್ನೂ ನೋಡಿಕೊಳ್ಳಲು ಫಕೀರಪ್ಪನನ್ನು ನಿಲ್ಲಿಸಿದ. ಅವತ್ತು ಸಾರು ಸಪ್ಪೆ, ಅನ್ನವೂ ತಳ ಹಿಡಿಯಿತು.

"ಏನು ಮಾಡಾಕತ್ತಿದ್ದೆಪಾ?"

"ನೀವು ಹೇಳಿದ್ದನ್ನರಿ. ಇವರನ್ನ ನೋಡ್ಕೋತ ನಿಂತಿದ್ದೆ."

ಹನಮವ್ವ ಸೆರಗು ಸಿಕ್ಕಿಸಿ ಎದ್ದಳು. "ನಾಳಿಯಿಂದ ನಾವಿಬ್ಬರೂ ಬರಂಗಿಲ್ಲ. ಉಂಡವರ ಬೈಗಳ ತಿನ್ನಾಕ ನಮಗ ಹೊಟ್ಟಿ ಇಲ್ಲ."

ಅವರು ಬರದಿದ್ದರೆ ದಾಸೋಹ ನಿಲ್ಲುತ್ತದೆ. ಮಠದ ಒಲೆ ಒಂದು ದಿನವೂ ಆರಿದ್ದಿಲ್ಲ.

ಕಲ್ಲಯ್ಯ ಹೊಳೆಗೆ ಹೋದ. ಗುರುಗಳು ಮೆಟ್ಟಿಲ ಮೇಲೆ ನಿಂತು ಒಗೆದ ಬಟ್ಟೆ ಹಿಂಡುತ್ತಿದ್ದರು.

"ಅಜ್ಜಾರ, ಈ ಕೆಲಸ ನನ್ನ ಕೈಲೆ ಆಗೂದಿಲ್ಲ. ಬ್ಯಾರೆಯವರಿಗೆ ಕೊಡ್ರಿ."

"ಮಂದಿ ಅಡಗಿಮನಿ ಎಲ್ಲಾ ಹಾದಿಗೆ ಹಚ್ಚಿದಂವಾ ನೀ."

"ಅಲ್ಲೆಲ್ಲಾ ಆಗ್ತೈತ್ರಿ. ಇಲ್ಲಿ ಆಗವಲ್ದು."

"ಈ ತುದಿ ಹಿಡಿ. ಒಬ್ಬನ ಕೈಲೆ ನೀರು ಬಿಡವಲ್ದು."

ಇಬ್ಬರೂ ಹಿಂಡಿದರು. ಗುರುಗಳು ಬಟ್ಟೆ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದರು.

"ಬ್ಯಾಳಿ ಯಾರದವ್ವಾ?"

"ನಂದ್ರಿ."

"ಕಾಯಿಪಲ್ಲೆ?"

"ನಂದ್ರಿ."

"ಒಲಿ?"

"ನಿನ್ನಿತನಾ ನಂದಿತ್ರಿ," ಎಂದ ಫಕೀರಪ್ಪ.

"ಉಪ್ಪು?"

ಮೂವರೂ ಕಲ್ಲಯ್ಯನ ಮುಖ ನೋಡಿದರು.

"ಯಾರಿಗೆ ನೆನಪಾಗ್ತೈತಿ ಅವರು ಚೀಲದಾಗಿಂದು ತಗೊಂಡು ಹಾಕ್ತಾರ್ರಿ," ಎಂದ ಕಲ್ಲಯ್ಯ.

ಗೋಡೆಯ ಮಾಡದಲ್ಲಿ ನೀಲವ್ವನ ಉಪ್ಪಿನ ಗಡಿಗೆ ಇತ್ತು. ಬಾಯಿಗೆ ಅವಳು ಕಟ್ಟಿದ ಅರಿವೆ ಹಾಗೇ ಇತ್ತು. ಗುರುಗಳು ಅದಕ್ಕೆ ಕೈ ಚಾಚಿದರು. ಕಲ್ಲಯ್ಯ ಅಡ್ಡ ನಿಂತ.

"ಅದು ಆಕೀದ್ರಿ."

ಗುರುಗಳು ಚಾಚಿದ ಕೈಯನ್ನು ಅವನ ಹೆಗಲ ಮೇಲೆ ಇಟ್ಟರು.

"ಎಲ್ಲಾ ಕೆಲಸಾ ಹಂಚಿದಿ, ಕಲ್ಲಯ್ಯ. ಇದೊಂದನ್ನ ಇನ್ನೂ ಆಕಿ ಕೈಯಾಗ ಬಿಟ್ಟೀದಿ. ಪಾಪ, ಎಷ್ಟು ದಿನಾ ಅಂತ ಮಾಡ್ತಾಳ?"

ಮರುದಿನ ಬೆಳಗ್ಗೆ ಕಲ್ಲಯ್ಯ ಗಡಿಗೆ ಇಳಿಸಿದ. ಅರಿವೆಯ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಅರಿವೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ಗಡಿಗೆ ಎತ್ತಿಕೊಂಡು ಹನಮವ್ವನ ಮನೆ ಬಾಗಿಲಿಗೆ ಹೋದ.

"ಇವತ್ತಿನಿಂದ ಉಪ್ಪು ನಿಂದು. ಬ್ಯಾರೆ ಯಾರೂ ಹಾಕಂಗಿಲ್ಲ."

"ಹೆಚ್ಚು ಕಡಿಮಿ ಆದ್ರ?"

"ನಿನ್ನೊಬ್ಬಾಕಿನ್ನ ಕೇಳ್ತೀನಿ."

ಹನಮವ್ವ ಗಡಿಗೆ ನೋಡಿದಳು. ಅವನ ಮುಖ ನೋಡಿದಳು. ಎರಡೂ ಕೈಯಿಂದ ಇಸಿದುಕೊಂಡಳು.

"ನಡೀರಿ. ದ್ಯಾಮವ್ವನ್ನೂ ಕರಕೊಂಡ ಬರ್ತೀನಿ."

ಮಧ್ಯಾಹ್ನ ಗುರುಗಳು ಮೊದಲ ತುತ್ತು ಬಾಯಿಗಿಟ್ಟರು. ಪಕ್ಕದಲ್ಲಿ ಕಲ್ಲಯ್ಯನೂ ಉಂಡ. ತಲೆ ಎತ್ತಲಿಲ್ಲ. ಹನಮವ್ವ ಸೌಟು ಹಿಡಿದು ನಿಂತೇ ಇದ್ದಳು.

ಗುರುಗಳು ಇನ್ನೊಂದು ಸೌಟು ಹಾಕಿಸಿಕೊಂಡರು.

"ಉಪ್ಪು ಒಂದೀಟು ಹೆಚ್ಚಾತವ್ವಾ. ನೀಲವ್ವನೂ ಮೊದಲ ದಿನ ಹಿಂಗ ಹಾಕಿದ್ಲು."