ದುರುಗವ್ವನ ಎರಡು ಮಾತು

ಹಳ್ಳದ ಈಚೆ ಒಂದು ಊರಿತ್ತು. ಆಚೆ ಊರಿನ ಶಾಲೆ ಇತ್ತು. ಊರು ಒಂದು ಕಡೆ, ಶಾಲೆ ಇನ್ನೊಂದು ಕಡೆ ಯಾಕೆ ಕಟ್ಟಿದರು ಎಂದು ನನ್ನನ್ನು ಕೇಳಬೇಡಿ ಮಕ್ಕಳೇ. ಅದನ್ನು ಕಟ್ಟಿದವರನ್ನೇ ಕೇಳಬೇಕು, ಅವರು ಈಗ ಸಿಗುವುದಿಲ್ಲ.

ಬೇಸಿಗೆಯಲ್ಲಿ ಆ ಹಳ್ಳದ ನೀರು ಮೊಣಕಾಲಿಗೆ ಬರುತ್ತಿತ್ತು. ಮಳೆಗಾಲ ಬಂದರೆ ಆಳು ಮುಳುಗುವಷ್ಟು, ಸೇತುವೆಯೋ ಬಹಳ ದೂರ. ಆಗ ಮಕ್ಕಳನ್ನು ದಾಟಿಸುತ್ತಿದ್ದವಳು ಅಂಬಿಗರ ದುರುಗವ್ವ. ಈಚೆ ದಡದ ಹುಣಸೆಮರದಿಂದ ಆಚೆ ದಡದ ಕಲ್ಲುಕಂಬದವರೆಗೆ ಒಂದು ದಪ್ಪ ಹಗ್ಗ ಬಿಗಿದಿತ್ತು. ದುರುಗವ್ವ ಬಿದಿರಿನ ತೆಪ್ಪದ ಮೇಲೆ ನಿಂತು, ಆ ಹಗ್ಗ ಹಿಡಿದು, ಕೈಯ ಮುಂದೆ ಕೈ ಹಾಕಿ ಎಳೆದುಕೊಳ್ಳುತ್ತಾ ತೆಪ್ಪವನ್ನು ಆಚೆ ಮುಟ್ಟಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ಮಳೆಗಾಲ ಹೀಗೇ ಮಾಡಿದ್ದಳು. ಅಷ್ಟು ವರ್ಷದಲ್ಲಿ ಒಂದು ಮಗುವಿನ ಪಾಟಿಚೀಲ ಕೂಡ ನೆನೆದಿರಲಿಲ್ಲ.

ಈಗ ಊರಿನವರ ಕಥೆ ಕೇಳಿ. ಆ ಊರಲ್ಲಿ ಒಂದು ಸನ್ಮಾನ ಸಮಿತಿ ಇತ್ತು. ಅಧ್ಯಕ್ಷರು ಫಕ್ಕೀರಗೌಡರು. ನಿರೂಪಣೆ, ಸ್ವಾಗತ, ವಂದನಾರ್ಪಣೆ ಎಲ್ಲವೂ ನಿವೃತ್ತ ಶಿಕ್ಷಕ ಈರಬಸಪ್ಪ ಮಾಸ್ತರರದು. ಸಮಿತಿ ಮೊದಲ ವರ್ಷ ತನ್ನ ಪದಾಧಿಕಾರಿಗಳಿಗೇ ಸನ್ಮಾನ ಮಾಡಿತು. ಆಮೇಲೆ ಅವರ ಬೀಗರಿಗೆ ಮಾಡಿತು. ಆಮೇಲೆ ಹೊಸದಾಗಿ ಟ್ರ್ಯಾಕ್ಟರ್ ಕೊಂಡವರಿಗೆ ಮಾಡಿತು. ಕೊನೆಗೆ ಶಾಲು ಹೊದಿಸಲು ಖಾಲಿ ಹೆಗಲೇ ಸಿಗದೆ ಹೋಯಿತು. ಆಗ ಯಾರಿಗೋ ದುರುಗವ್ವ ನೆನಪಾದಳು.

ದುರುಗವ್ವನಿಗೆ ಶಾಲಿನ ಚಿಂತೆ ಇರಲಿಲ್ಲ. ಅವಳ ಚಿಂತೆ ಹಗ್ಗದ್ದು. ಹುಣಸೆಮರಕ್ಕೆ ಉಜ್ಜುವ ಜಾಗದಲ್ಲಿ ಅದರ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅಷ್ಟು ದಪ್ಪದ ಹಗ್ಗ ಪೇಟೆಯಿಂದಲೇ ಬರಬೇಕು. ಬಿಗಿಯಲು ಹತ್ತು ಗಂಡಾಳು ಬೇಕು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಗೌಡರಿಗೆ ಎರಡು ಸಲ ಹೇಳಿದ್ದಳು. ಎರಡು ಸಲವೂ ಗೌಡರು, "ನೋಡೂಣಂತ" ಎಂದಿದ್ದರು. ನೋಡಿರಲಿಲ್ಲ.

ಸನ್ಮಾನದ ದಿನ ಬಂತು. ಹುಸೇನಸಾಬ ಎಂಬವನು ಶಾಮಿಯಾನ ಹಾಕಿದ್ದ. ದುರುಗವ್ವನಿಗೆ ಪೇಟ ಸುತ್ತಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕನ್ನಡಕದ ಮಟ್ಟಕ್ಕೆ ಹಿಡಿದು ಮಾನಪತ್ರ ಓದಿದರು. ಅವಳ ಕಣ್ಣು ಮಾತ್ರ ಶಾಮಿಯಾನದ ಹಗ್ಗದ ಮೇಲೇ ಇತ್ತು. ಹೊಸ ಹಗ್ಗ, ಹೆಬ್ಬೆರಳಿಗಿಂತ ದಪ್ಪ.

ಮಾಸ್ತರರು ಅವಳ ಹತ್ತಿರ ಬಗ್ಗಿ, "ಈಗ ನೀ ಎರಡ ಮಾತ ಆಡಬೇಕವಾ" ಎಂದರು.

"ಎಷ್ಟ್ರಿ?" ಎಂದಳು ದುರುಗವ್ವ.

"ಎರಡ ಮಾತು. ಜಾಸ್ತಿ ಬ್ಯಾಡ. ಅಧ್ಯಕ್ಷರ ಭಾಷಣ ಇನ್ನೂ ಐತಿ."

ದುರುಗವ್ವ ಹೇಳಿದ ಮಾತಿಗೆ ತಪ್ಪುವವಳಲ್ಲ. ಎರಡು ಎಂದರೆ ಎರಡು. ಏನೇನನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಎದ್ದು ಮೈಕಿನ ಮುಂದೆ ನಿಂತಳು.

"ಹಗ್ಗ ಸವದೈತ್ರಿ."

ಇಷ್ಟು ಹೇಳಿ ಹೋಗಿ ಕೂತಳು.

ಆಗ ಯಾರಾದರೂ ಒಬ್ಬರು ಎದ್ದು "ಯಾವ ಹಗ್ಗ?" ಎಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನನ್ನ ತಲೆನೋವೂ ತಪ್ಪುತ್ತಿತ್ತು. ಆದರೆ ಎದ್ದವರು ಮಾಸ್ತರರು. ಅವರು ಮೈಕು ಹಿಡಿದು ಕಣ್ಣು ಮುಚ್ಚಿದರು.

"ಆಹಾ! ಎರಡೇ ಎರಡು ಮಾತು. ಆದರೆ ಎಂಥ ಮಾತು! ಬಾಂಧವರೇ, ಈ ತಾಯಿ ಹೇಳಿದ್ದು ಯಾವ ಹಗ್ಗ? ಮನುಷ್ಯ ಮನುಷ್ಯರ ನಡುವಿನ ಪ್ರೀತಿಯ ಹಗ್ಗ! ಅದು ಇಂದು ಸವೆದಿದೆ!"

ಚಪ್ಪಾಳೆಯೋ ಚಪ್ಪಾಳೆ. ಮಾಸ್ತರರು ಇಪ್ಪತ್ತು ನಿಮಿಷ ಆ ಹಗ್ಗ ಹೊಸೆದರು. ಎದುರು ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ದುರುಗವ್ವನಿಗೆ ಭಾಷಣ ತಿಳಿಯಲಿಲ್ಲ, ಚಪ್ಪಾಳೆ ತಿಳಿಯಿತು. ಇಷ್ಟು ಜೋರಾಗಿ ತಟ್ಟಿದ್ದಾರೆ ಎಂದರೆ ನಾಳೆ ಹಗ್ಗ ಬಂದೇ ಬರುತ್ತದೆ ಎಂದು ಅವಳಿಗೆ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಸಮಿತಿಯವರು ನಿಜವಾಗಿಯೂ ದಡಕ್ಕೆ ಬಂದರು. ಕಟ್ಟು ಹಾಕಿಸಿದ ಸನ್ಮಾನದ ಫೋಟೋ ಕೊಟ್ಟು ಹೋದರು.

ಎರಡನೆಯ ವರ್ಷ ಮತ್ತೆ ಸನ್ಮಾನ. ಬೇರೆ ಯಾರಿಗಾದರೂ ಮಾಡಬಹುದಿತ್ತಲ್ಲ ಎನ್ನುತ್ತೀರಿ. ದುರುಗವ್ವ ಈಗ ಹೆಸರುವಾಸಿಯಾಗಿದ್ದಳು. ಅವಳ ಮಾತನ್ನು ಸೂರ್ಯೋದಯದ ಚಿತ್ರದ ಮೇಲೆ ಬರೆದು, ಕೆಳಗೆ ಎರಡು ಗುಲಾಬಿ ಇಟ್ಟು, 'ಶುಭೋದಯ' ಸೇರಿಸಿ ಎಲ್ಲರೂ ಎಲ್ಲರ ಮೊಬೈಲಿಗೆ ಕಳಿಸುತ್ತಿದ್ದರು. ನಿಮಗೂ ಬಂದಿರಬೇಕು. ನೀವೂ ಹೆಬ್ಬೆಟ್ಟು ಎತ್ತಿ ಮುಂದಕ್ಕೆ ದೂಡಿರಬೇಕು.

ಈ ಸಲ ದುರುಗವ್ವ ಹಟ ಹಿಡಿದಳು. ಎರಡು ಮಾತಿನ ಕರಾರು ಮುರಿದು ಒಂದು ಮಾತು ಹೆಚ್ಚಿಗೆ ಆಡಿದಳು.

"ಖರೇನ ಹಗ್ಗ ಸವದೈತ್ರಿ."

"ಕೇಳಿದಿರಾ!" ಎಂದರು ಮಾಸ್ತರರು. "ಖರೇ! ಸತ್ಯ! ಸತ್ಯದ ಹಗ್ಗವೇ ಸವೆದಿದೆ ಎಂದಳು ತಾಯಿ!"

ಇನ್ನೇನು ಮಾಡುವುದು ಹೇಳಿ. ನನಗಂತೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ದುರುಗವ್ವ ಶಾಮಿಯಾನ ಬಿಚ್ಚುತ್ತಿದ್ದ ಹುಸೇನಸಾಬನ ಹತ್ತಿರ ಬಂದು ನಿಂತಳು. ಹಗ್ಗವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು.

"ಇದನ್ನ ನಂಗ ಕೊಡ್ತೀಯೇನೋ ಹುಸೇನಪ್ಪಾ?"

"ನಂದಲ್ಲವಾ ಅದು. ಸಮಿತಿದು. ನಂದಾಗಿದ್ರ ಮಾತಾಡ್ತಿದ್ದಿಲ್ಲ, ಕೊಟ್ಟಬಿಡ್ತಿದ್ದೆ" ಎಂದ ಹುಸೇನಸಾಬ. ಆದರೆ ಅವನೊಬ್ಬ ಕೇಳಿದ, "ಎಲ್ಲಿ ಸವದೈತಿ? ತೋರ್ಸು."

ಅವಳು ಹುಣಸೆಮರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಎರಡು ವರ್ಷದಲ್ಲಿ ಆ ಹಗ್ಗವನ್ನು ಬಂದು ನೋಡಿದವನು ಅವನೊಬ್ಬನೇ. ಅವನು ಹೋಗಿ ಗೌಡರಿಗೆ ಹೇಳಿದ. ಗೌಡರು, "ಆ ಹಗ್ಗ ಕೊಟ್ರ ಮುಂದಿನ ಸಲ ಆಕಿ ಸನ್ಮಾನಕ್ಕ ಶಾಮಿಯಾನ ಕಟ್ಟೂದು ಹ್ಯಾಂಗೋ?" ಎಂದು ಕೇಳಿದರು. ಹುಸೇನಸಾಬ ಹಗ್ಗ ಸುತ್ತಿ ಸಮಿತಿಯ ಗಂಟಿಗೆ ಸೇರಿಸಿದ.

ಮೂರನೆಯ ವರ್ಷ ಭಾರಿ ಏರ್ಪಾಡು. ತಾಲ್ಲೂಕಿನಿಂದ ಮುಖ್ಯ ಅತಿಥಿಗಳು ಬರುವವರಿದ್ದರು. ಹಗ್ಗದ ತಾಯಿಗೆ ಹಗ್ಗದ ಪಕ್ಕದಲ್ಲೇ ಸನ್ಮಾನವಾಗಲಿ ಎಂದು ಮಾಸ್ತರರು ಸೂಚಿಸಿದರು. ಹಳ್ಳದ ದಡದಲ್ಲೇ ಶಾಮಿಯಾನ ಎದ್ದಿತು. ದುರುಗವ್ವನ ಹತ್ತಡಿ ಎತ್ತರದ ಬ್ಯಾನರ್ ಬಂತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಹಗ್ಗ ಸವೆದಿದೆ' ಎಂದು ಬರೆದಿತ್ತು. ಸವೆದ ಹಗ್ಗ ಬ್ಯಾನರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬ್ಯಾನರನ್ನು ಎಲ್ಲರೂ ನೋಡಿದರು, ಫೋಟೋ ತೆಗೆಸಿಕೊಂಡರು.

ಹಿಂದಿನ ದಿನ ಮೇಲಿನ ಸೀಮೆಯಲ್ಲಿ ಮಳೆಯಾಗಿತ್ತು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಸ್ವಾಗತಗೀತೆ ಹಾಡಬೇಕಾದ ಹನ್ನೆರಡು ಮಕ್ಕಳು ಆಚೆ ಶಾಲೆಯಲ್ಲಿದ್ದರು. ಅವರಲ್ಲಿ ಗೌಡರ ಮೊಮ್ಮಗಳೂ ಒಬ್ಬಳು. ಅತಿಥಿಗಳ ಜೀಪು ಬಂದೇಬಿಟ್ಟಿತು. ಮಾಸ್ತರರು ಓಡೋಡಿ ದಡಕ್ಕೆ ಬಂದರು.

"ದುರುಗವ್ವಾ, ಲಗೂನ ಹೋಗು! ಹನ್ನೆರಡೂ ಹುಡುಗ್ರನ್ನ ಒಮ್ಮೆಲೇ ಕರಕೊಂಡ ಬಾ!"

"ಆಗೂದಿಲ್ರಿ. ನಾಕ್ ನಾಕ್ ಮಂದಿ ತರ್ತೀನಿ. ನೀರಿನ ಸೆಳವು ಭಾಳ ಐತಿ, ಹಗ್ಗ..."

"ಗೊತ್ತವಾ, ಗೊತ್ತು. ಹಗ್ಗ ಸವದೈತಿ! ಅದನ್ನ ವೇದಿಕಿ ಮ್ಯಾಲ ಹೇಳು, ಇಲ್ಲಿ ಯಾಕ ಹೇಳ್ತಿ?"

ದುರುಗವ್ವ ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು. ತೆಪ್ಪ ಏರಿ ಹೋದಳು. ಅವಳು ಗೌಡರ ಮೊಮ್ಮಗಳೂ ಸೇರಿ ನಾಲ್ಕೇ ಮಕ್ಕಳನ್ನು ಹತ್ತಿಸಿಕೊಂಡಳು. ಇತ್ತ ದಡದಿಂದ ಮಾಸ್ತರರು "ಎಲ್ಲಾರ್ನೂ, ಎಲ್ಲಾರ್ನೂ" ಎಂದು ಕೈ ಬೀಸುತ್ತಲೇ ಇದ್ದರು.

ಈಚೆ ದಡ ಇನ್ನು ಹತ್ತು ಮಾರು ಇರುವಾಗ ಹುಣಸೆಮರದ ಹತ್ತಿರ ಹಗ್ಗ ತುಂಡಾಯಿತು.

ತೆಪ್ಪ ಗಿರ್ರನೆ ತಿರುಗಿತು. ಸ್ವಲ್ಪ ಕೆಳಗೆ ಬರೀ ಬಂಡೆಗಲ್ಲು, ಅಲ್ಲಿಗೆ ಹೋದರೆ ಮುಗಿಯಿತು. ದುರುಗವ್ವನ ಕೈಯಲ್ಲಿ ಆಚೆ ಕಂಬಕ್ಕೆ ಕಟ್ಟಿದ ತುಂಡು ಉಳಿದಿತ್ತು. ಅವಳು ಅದನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಂಡು, ಪಾದವನ್ನು ಬಿದಿರಿಗೆ ಒತ್ತಿ, ಹಿಂದಕ್ಕೆ ವಾಲಿ ನಿಂತಳು. ಹಗ್ಗ ಅವಳ ಅಂಗೈಯ ಚರ್ಮ ಕಿತ್ತುಕೊಂಡು ಜಾರಿತು. ಅವಳು ಬಿಡಲಿಲ್ಲ.

"ಕುಂದರ್ರಿ! ಯಾರೂ ಏಳಬ್ಯಾಡ್ರಿ!" ಎಂದು ಮಕ್ಕಳಿಗೆ ಕೂಗಿದಳು.

ದಡದಲ್ಲಿ ಗೌಡರು "ಹಗ್ಗ! ಯಾರರ ಹಗ್ಗ ತರ್ರೋ!" ಎಂದು ಬಾಯಿ ಬಡಿದುಕೊಂಡರು. ಮೂರು ವರ್ಷದ ಮೇಲೆ ಅವರ ಬಾಯಲ್ಲಿ ಹಗ್ಗ ಎಂದರೆ ಹಗ್ಗವೇ ಆಗಿತ್ತು. ಮಾಸ್ತರರ ಕೈಯಲ್ಲಿ ಮೈಕು ಇತ್ತು. ಬಾಯಿಂದ ಒಂದು ಶಬ್ದ ಬರಲಿಲ್ಲ.

ಹುಸೇನಸಾಬ ಯಾರನ್ನೂ ಕೇಳಲಿಲ್ಲ. ಶಾಮಿಯಾನದ ಗೂಟಗಳನ್ನು ಒದ್ದು ಹಗ್ಗ ಬಿಚ್ಚಿದ. ಬಟ್ಟೆ ದೊಪ್ಪನೆ ಅತಿಥಿಗಳ ಮೇಲೆ ಕುಸಿಯಿತು. ವೇದಿಕೆಯ ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಶಾಲಿನಲ್ಲಿ ಗಂಟು ಕಟ್ಟಿ, ಶಾಲನ್ನು ಹಗ್ಗದ ತುದಿಗೆ ಬಿಗಿದು, ಹಳ್ಳಕ್ಕೆ ಬೀಸಿ ಎಸೆದ. ಮೊದಲ ಎಸೆತ ನೀರಿಗೆ ಬಿತ್ತು. ಎರಡನೆಯದು ತೆಪ್ಪದ ಮೇಲೆ ಬಿತ್ತು. ಸಮಿತಿಯ ಶಾಲು ಉಪಯೋಗಕ್ಕೆ ಬಂದದ್ದು ಅದೇ ಮೊದಲ ಸಲ.

"ಬಿದಿರಿಗೆ ಕಟ್ಟವಾ, ಎರಡ ಗಂಟ ಹಾಕು!" ಎಂದಳು ದುರುಗವ್ವ. ಗೌಡರ ಮೊಮ್ಮಗಳು ಹಾಗೇ ಕಟ್ಟಿದಳು. ಶಾಮಿಯಾನದ ಕೆಳಗಿಂದ ನುಸುಳಿ ಬಂದವರೆಲ್ಲ ಸೇರಿ ಎಳೆದರು. ಮುಖ್ಯ ಅತಿಥಿಗಳೂ ಎಳೆದರು. ಗಂಟು ನಿಂತಿತು ಎಂದು ಖಾತ್ರಿಯಾದ ಮೇಲೆಯೇ ದುರುಗವ್ವ ತನ್ನ ಕೈಯ ಹಗ್ಗ ಬಿಟ್ಟಳು. ತೆಪ್ಪ ದಡಕ್ಕೆ ಬಂತು. ನಾಲ್ಕು ಮಕ್ಕಳೂ ಇಳಿದರು. ಆಚೆ ಉಳಿದ ಎಂಟು ಮಕ್ಕಳು ಅಳುತ್ತಾ ನಿಂತಿದ್ದರು; ಅವರನ್ನು ಆಮೇಲೆ ಅತಿಥಿಗಳ ಜೀಪು ಸೇತುವೆ ಸುತ್ತಿ ಹೋಗಿ ಕರೆತಂದಿತು. ಹನ್ನೆರಡೂ ಮಕ್ಕಳು ಆ ತೆಪ್ಪದಲ್ಲಿದ್ದಿದ್ದರೆ ಆ ಎರಡು ಕೈ ಸಾಲುತ್ತಿರಲಿಲ್ಲ. ಇದು ಎಲ್ಲರಿಗೂ ಗೊತ್ತಾಯಿತು.

ಗೌಡರು ಮೊಮ್ಮಗಳನ್ನು ಅಪ್ಪಿಕೊಂಡರು. ಆಮೇಲೆ ದುರುಗವ್ವನ ಅಂಗೈ ನೋಡಿದರು. ಅಲ್ಲಿ ಚರ್ಮ ಇರಲಿಲ್ಲ. ಅವರು ಅವಳ ಎದುರಿಗೆ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತರು.

"ನಿಂಗ ಏನ ಬೇಕ ಹೇಳವಾ. ಏನ ಕೇಳಿದ್ರೂ ಕೊಡ್ತೀನಿ."

ಅಷ್ಟು ಹೊತ್ತು ತಡೆದುಕೊಂಡಿದ್ದ ದುರುಗವ್ವನಿಗೆ ಆಗ ಸಿಟ್ಟು ಬಂತು.

"ಗೌಡ್ರ, ಇನ್ನೂ ಕೇಳ್ತೀರಲ್ರಿ? ಮೂರ ವರ್ಷದಿಂದ ಮೈಕಿನ್ಯಾಗ ಒದರಾಕತ್ತೀನಿ. ನಾನೇನ ಪದಾ ಹಾಡೇನೇನ್ರಿ? ಹಗ್ಗ ಸವದೈತಿ ಅಂದ್ರ ಹಗ್ಗ ಸವದೈತಿ!"

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವಳ ಕೈ ವಾಸಿಯಾಗಲು ಒಂದೂವರೆ ತಿಂಗಳು ಬೇಕಾಯಿತು. ಅಷ್ಟು ದಿನ ಮಕ್ಕಳು ಸೇತುವೆಯ ಕಡೆಯಿಂದ ಎರಡು ಹರದಾರಿ ಸುತ್ತಿ ಶಾಲೆಗೆ ಹೋದರು. ದುರುಗವ್ವ ಎಂದರೆ ಏನು ಎಂದು ಊರಿಗೆ ಆಗ ಕಾಲಿನಲ್ಲಿ ಗೊತ್ತಾಯಿತು.

ಶಾಮಿಯಾನದ ಹಗ್ಗವನ್ನು ಹತ್ತು ಗಂಡಾಳು ಸೇರಿ ಹಳ್ಳಕ್ಕೆ ಅಡ್ಡ ಬಿಗಿದರು. ಮರಕ್ಕೆ ಉಜ್ಜದ ಹಾಗೆ, ಹಿಂದಿನ ಸನ್ಮಾನಗಳ ಎರಡು ಶಾಲುಗಳನ್ನು ದುರುಗವ್ವ ತಾನೇ ತಂದು ಹುಣಸೆಮರಕ್ಕೆ ಸುತ್ತಿದಳು. ಈಗ ಆ ಊರಲ್ಲಿ ಶಾಮಿಯಾನ ಕಟ್ಟಲು ಹಗ್ಗವಿಲ್ಲ. ಸಭೆಗಳೆಲ್ಲ ಬಿಸಿಲಿನಲ್ಲೇ ನಡೆಯುತ್ತವೆ. ಬಿಸಿಲಿಗೆ ಈರಬಸಪ್ಪ ಮಾಸ್ತರರ ಭಾಷಣವೂ ಬೇಗ ಮುಗಿಯುತ್ತದೆ. ಅಷ್ಟರಮಟ್ಟಿಗೆ ಊರಿಗೆ ಒಳ್ಳೆಯದಾಯಿತು.

ಗೌಡರು ಈಗ ಪ್ರತಿ ಸೋಮವಾರ ಬೆಳಿಗ್ಗೆ ಹಳ್ಳಕ್ಕೆ ಬರುತ್ತಾರೆ. ಕೈಯಲ್ಲಿ ಹಾರ ಇರುವುದಿಲ್ಲ. ಹುಣಸೆಮರದ ಹತ್ತಿರ ನಿಂತು ಹಗ್ಗವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾರೆ. ಆಮೇಲೆ ತೆಪ್ಪದ ಕಡೆ ತಿರುಗಿ ಎರಡೇ ಮಾತು ಆಡುತ್ತಾರೆ.

"ಹಗ್ಗ ಹೆಂಗೈತವಾ?"

ದುರುಗವ್ವನೂ ಎರಡೇ ಮಾತಿನಲ್ಲಿ ಉತ್ತರ ಕೊಡುತ್ತಾಳೆ.

"ಚಲೋ ಐತ್ರಿ."

ಅವಳಿಗೆ ಆದ ಸನ್ಮಾನಗಳಲ್ಲಿ ಸನ್ಮಾನ ಎನ್ನುವ ಹಾಗಿರುವುದು ಇದೊಂದೇ.

ನೀತಿ: ಊರಿಗಾಗಿ ದುಡಿಯುವವರನ್ನು ಗೌರವಿಸುವುದು ಎಂದರೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಸಿಕೊಂಡು, ಆ ಕೆಲಸ ಮಾಡಿಕೊಡುವುದು. ಅವರ ಹೆಗಲಿಗೆ ಶಾಲು ಹೊದಿಸುವ ಮೊದಲು ಅವರ ಕೈಯಲ್ಲಿ ಏನು ಸವೆದಿದೆ ಎಂದು ಹೋಗಿ ನೋಡಿ. ಈ ಕಥೆಯನ್ನು ಬೇರೆಯವರಿಗೆ ಕಳಿಸುವುದಾದರೆ ಕಳಿಸಿ, ಆದರೆ ಅದಕ್ಕೂ ಮೊದಲು ನಿಮ್ಮ ಊರಿನ ದುರುಗವ್ವನಿಗೆ ಏನು ಬೇಕಾಗಿದೆ ಎಂದು ಕೇಳಿಕೊಂಡು ಬನ್ನಿ. ಅವಳು ಹಗ್ಗ ಎಂದರೆ, ದಯವಿಟ್ಟು, ಹಗ್ಗವನ್ನೇ ತನ್ನಿ.