ಸೋತ ದೇವರನ್ನು ಕರೆಯಲೇ?

ಗ್ರೀಕರ ಡೆಲ್ಫಿಯಲ್ಲಿ ಸಂಗೀತದ ದೇವರು ಅಪೊಲೊನ ಉತ್ಸವ ನೋಡಿ, ಅಲ್ಲಿ ಓಟ, ಕುಸ್ತಿಯ ಜೊತೆ ಹಾಡಿನ ಪಂದ್ಯವೂ ಉಂಟು. ಒಮ್ಮೆ ಒಬ್ಬ ಕ್ರೂರ ದೊರೆ ಹಾಡಿದ. ಫಲಿತಾಂಶ ಕೂಗುವ ಆಳಿನ ಗತಿ ಏನಾಯಿತು, ಊಹಿಸಿ ನೋಡೋಣ!

ದೊರೆ ಅಂದ: "ನಾನು ಅಪೊಲೊನನ್ನೇ ಸೋಲಿಸಿದೆ ಅಂತ ಸಾರೋ. ಇಲ್ಲವೋ, ಹೋದ ಸಲದವನ ಹಾಗೆ ನಿನ್ನನ್ನೂ ಬಂಡೆಯಿಂದ ತಳ್ಳಿಸುತ್ತೇನೆ."

"ಅಪ್ಪಣೆ, ಒಡೆಯ. ಆದರೆ ಸೋತವನನ್ನು ಮೊದಲು ವೇದಿಕೆಗೆ ಕರೆಯುವುದು ಇಲ್ಲಿನ ಪದ್ಧತಿ. ತನ್ನೊಡನೆ ಪಂದ್ಯ ಕಟ್ಟಿದ ಕೊಳಲಿನವನ ಚರ್ಮ ಸುಲಿದ ದೇವರು ಅವನು. ಕರೆಯಲೇ?"

"ಮುಚ್ಚೋ ಬಾಯಿ! ನನಗೆ ಗಂಟಲು ಕಟ್ಟಿತ್ತು, ಹಾಡಲೇ ಇಲ್ಲ ಅಂತ ಸಾರು!"

ಆಳು ಹಾಗೇ ಸಾರಿದ. ಇಡೀ ಹಾಡು ಕೇಳಿದ್ದ ಜನ ನಗಲಿಲ್ಲ. ನಗಲು ಧೈರ್ಯ ಬೇಕಲ್ಲ! ಆಳಿನ ಜೀವ ಉಳಿಯಿತು. ಅಂದು ಅಪೊಲೊನಿಗೆ ಮೀಸಲಾದ, ತಿಂಗಳ ಏಳನೆಯ ದಿನ; ನಮ್ಮ ಲೆಕ್ಕದಲ್ಲಿ, ಭಾದ್ರಪದ ಶುದ್ಧ ಸಪ್ತಮಿ.