ದಾರಿ ಸಲೀಸು ಗಲ್ಲಿ

ಇದು ನಡೆದದ್ದು ಕ್ರಿ.ಶ. ೧೬೩೪ರ ಅಕ್ಟೋಬರ್ ತಿಂಗಳಲ್ಲಿ, ಒಂದು ಗುರುವಾರ ಬೆಳಿಗ್ಗೆ ಎನ್ನುತ್ತಾರೆ. ನಡೆದ ಜಾಗ ಜರ್ಮನಿಯ ಎಷನ್‌ಫುರ್ಟ್ ಎಂಬ ಹಳೆಯ ಊರು. ಅಲ್ಲಿ ಉತ್ತರದ ಕೋಟೆಗೋಡೆಯ ಬಳಿ ಒಂದು ಗಲ್ಲಿ ಇದೆ. ಊರನ್ನು ಕಾಲ್ನಡಿಗೆಯಲ್ಲಿ ನೋಡಲು ಬರುವವರು ಮಾರುಕಟ್ಟೆಯ ಚೌಕ, ಅವಳಿ ಗೋಪುರದ ಚರ್ಚು, ಉಪ್ಪಿನ ಕಣಜ ಇವನ್ನೆಲ್ಲ ಮುಗಿಸಿ ಕೊನೆಗೆ ಇಲ್ಲಿಗೆ ಬರುತ್ತಾರೆ. ಊರಿನ ಉಳಿದ ಗಲ್ಲಿಗಳು ದನ ತುಳಿದ ದಾರಿಯಂತೆ ಸೊಟ್ಟ. ಇದೊಂದು ಮಾತ್ರ ನೂಲು ಹಿಡಿದು ಗೆರೆ ಎಳೆದಂತೆ ನೆಟ್ಟಗಿದೆ. ಈ ತುದಿಯಲ್ಲಿ ನಿಂತರೆ ಆ ತುದಿಯ ಕೋಟೆಗೋಡೆಯಲ್ಲಿರುವ ಗಿಡ್ಡ ಬಾಗಿಲು ಕಾಣುತ್ತದೆ. ಫಲಕದಲ್ಲಿರುವ ಹೆಸರು ಫ್ರೈಗಾಸೆ. ಕನ್ನಡದಲ್ಲಿ ಹೇಳುವುದಾದರೆ, ದಾರಿ ಸಲೀಸು ಗಲ್ಲಿ. ಇಲ್ಲಿ ಪ್ರವಾಸಿಗರಲ್ಲಿ ಒಂದು ಆಟ ಬೆಳೆದಿದೆ. ಜೋಡಿಯಲ್ಲಿ ಒಬ್ಬರು ಹಿಂದು ಹಿಂದಕ್ಕೆ ನಡೆಯುತ್ತಾರೆ, ಇನ್ನೊಬ್ಬರು ಎದುರು ನಿಂತು 'ದಾರಿ ಸಲೀಸು' ಎಂದು ಕೂಗುತ್ತಾರೆ. ಕೊನೆಗೆ ಯಾವುದಾದರೂ ಸೈಕಲ್ಲಿಗೋ ದೀಪದ ಕಂಬಕ್ಕೋ ಡಿಕ್ಕಿ ಹೊಡೆಸಿ ನಗುತ್ತಾರೆ. ಶನಿವಾರಗಳಂದು ಜನರನ್ನು ನಡೆಸಿಕೊಂಡು ಬರುವ ಟ್ಸಾನ್ ಎಂಬ ಹಿರಿಯರು ಇದನ್ನು ತಡೆಯುವುದಿಲ್ಲ. ಕೋಲಿಗೆ ಒರಗಿ ಕಾಯುತ್ತಾರೆ. ಆಮೇಲೆ, "ಆಟ ಮುಗೀತಾ? ಸರಿ, ಈಗ ಕಥೆ ಕೇಳಿ. ಕಥೆ ಕೇಳಿದ ಮೇಲೆ ಎರಡನೇ ಸಲ ಆಡಿದವರನ್ನು ನಾನು ಕಂಡಿಲ್ಲ" ಎನ್ನುತ್ತಾರೆ. ಕಥೆಗೆ ಶಾಸನದ ಆಧಾರವಿಲ್ಲ. ಬಾಯಿಂದ ಬಾಯಿಗೆ ಬಂದದ್ದು.

ಹಿಂದೆ ಈ ಗಲ್ಲಿ ಹಗ್ಗ ಹೊಸೆಯುವವರದಾಗಿತ್ತು. ಅದು ಇಷ್ಟು ನೆಟ್ಟಗಿರುವುದಕ್ಕೆ ಅದೇ ಕಾರಣ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರಿನ ಹಗ್ಗ ಮಾಡುವುದನ್ನು ಕಂಡವರಿಗೆ ಈ ಕೆಲಸವನ್ನು ಹೆಚ್ಚು ವಿವರಿಸಬೇಕಿಲ್ಲ. ಒಬ್ಬ ರಾಟೆ ತಿರುಗಿಸುತ್ತಾನೆ. ಇನ್ನೊಬ್ಬ ಸೊಂಟಕ್ಕೆ ನಾರು ಸುತ್ತಿಕೊಂಡು, ಅದರ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳುಗಳ ನಡುವೆ ನಾರನ್ನು ಬಿಡುತ್ತ ಹಿಂದಕ್ಕೆ ನಡೆಯುತ್ತಾನೆ. ಅವನು ನಡೆದಷ್ಟು ಉದ್ದಕ್ಕೆ ಎಳೆ ಬೆಳೆಯುತ್ತದೆ. ಇಲ್ಲಿ ತೆಂಗಿನ ನಾರಿನ ಬದಲು ಸೆಣಬು, ಅಷ್ಟೇ ವ್ಯತ್ಯಾಸ. ನಡೆಯುವವನ ಕಣ್ಣು ತನ್ನ ಬೆರಳುಗಳ ಮೇಲೇ ಇರಬೇಕು. ತಲೆ ಹೊರಳಿಸಿದರೆ ಎಳೆ ಒಂದೆಡೆ ದಪ್ಪ, ಒಂದೆಡೆ ತೆಳುವಾಗುತ್ತದೆ. ಆದ್ದರಿಂದ ಅವನ ಬೆನ್ನ ಹಿಂದೆ ಏನಿದೆ ಎಂದು ನೋಡುವ ಕೆಲಸ ರಾಟೆಯವನದು. ಹಿಂದೆ ಗಾಡಿ ನಿಂತಿದ್ದರೆ, ಹಂದಿ ಮಲಗಿದ್ದರೆ ಅವನು 'ನಿಲ್ಲು' ಎನ್ನುತ್ತಾನೆ. ಏನೂ ಇಲ್ಲದಿದ್ದರೆ 'ದಾರಿ ಸಲೀಸು' ಎಂದು ಕೂಗುತ್ತಲೇ ಇರಬೇಕು. ಕೂಗು ನಿಂತರೆ ನಡೆಯುವವನೂ ನಿಲ್ಲುತ್ತಾನೆ. ಇದು ಆ ಕಸುಬಿನ ಕಟ್ಟಳೆ.

ಆ ಕಾಲದಲ್ಲಿ ಊರಿನ ಒಳ್ಳೆಯ ಹಗ್ಗದವನೆಂದು ಹೆಸರಾಗಿದ್ದವನು ಫೆಲ್ಟನ್. ಅವನ ರಾಟೆ ತಿರುಗಿಸುತ್ತಿದ್ದವನು ಯೋಬ್ಸ್ಟ್, ಬೇರೆ ಊರಿನಿಂದ ಬಂದ ಕೈಯಾಳು. ಇಬ್ಬರೂ ಬಹಳ ವರ್ಷ ಎದುರು ಬದುರಾಗಿ ಕೆಲಸ ಮಾಡಿದ್ದರು. ಯೋಬ್ಸ್ಟನಿಗೂ ವಿನಿಗರ್ ಮಾರುವ ಮಾರ್ಗ್ರೆಟ್ ಎಂಬ ಹೆಂಗಸಿಗೂ ಮದುವೆಯ ಮಾತಾಗಿತ್ತು. ಮದುವೆ ಮಾತ್ರ ಆಗಿರಲಿಲ್ಲ. ಹಗ್ಗದವರ ಸಂಘದಲ್ಲಿ ಸ್ವಂತ ರಾಟೆ ಇಟ್ಟು ಕಸುಬು ನಡೆಸುವ ಯಜಮಾನರ ಜಾಗಗಳು ಇಷ್ಟೇ ಎಂದು ನಿಗದಿಯಾಗಿದ್ದವು. ಒಂದು ಜಾಗ ತೆರವಾದ ಹೊರತು ಇನ್ನೊಬ್ಬ ಯಜಮಾನನಾಗುವಂತಿಲ್ಲ, ಯಜಮಾನನಾಗದೆ ಕೈಯಾಳು ಮದುವೆಯಾಗುವಂತಿಲ್ಲ. ಜಾಗ ತೆರವಾದಾಗಲೂ ಹೊರಗಿನವನೆಂದು ಯೋಬ್ಸ್ಟನನ್ನು ಎರಡು ಬಾರಿ ಬಿಟ್ಟಿದ್ದರು. ಸಂಘದಲ್ಲಿ ನಿನ್ನ ಪರ ಮಾತಾಡುತ್ತೇನೆ ಎಂದು ಫೆಲ್ಟನ್ ಹೇಳುತ್ತಿದ್ದ. ಎರಡು ಬಾರಿಯೂ ಮಾತಾಡಿರಲಿಲ್ಲ. ಅಂಥ ರಾಟೆಯವನು ಕೈಬಿಟ್ಟುಹೋದರೆ ಮತ್ತೊಬ್ಬ ಸಿಗಲಾರ ಎಂಬ ಲೆಕ್ಕವೂ ಅವನಿಗಿತ್ತು ಎನ್ನುತ್ತಾರೆ. ಒಮ್ಮೆ ಮಾರ್ಗ್ರೆಟ್ ಗಲ್ಲಿಯಲ್ಲಿ ಹಾದುಹೋಗುವಾಗ ಯೋಬ್ಸ್ಟ್ ಅವಳನ್ನೇ ನೋಡುತ್ತ ಅಭ್ಯಾಸಬಲದಿಂದ ಸಲೀಸು ಎಂದು ಕೂಗಿದ. ಫೆಲ್ಟನ್ ಹೋಗಿ ಕತ್ತೆಯೊಂದಕ್ಕೆ ಡಿಕ್ಕಿ ಹೊಡೆದ.

"ಲೋ, ಅವಳನ್ನ ಮದುವೆಯಾಗು, ಇಲ್ಲ ಕಣ್ಣು ಕಟ್ಟಿಕೊ. ನನ್ನ ಬೆನ್ನು ಉಳೀಲಿ" ಎಂದು ಬೈದ.

"ಮದುವೆಗೆ ಯಜಮಾನಿಕೆ ಬೇಕಲ್ಲ. ನಿಮ್ಮ ಜಾಗ ಬಿಟ್ಟುಕೊಡ್ತೀರಾ?"

"ನಾನು ಸತ್ತ ಮೇಲೆ ತಗೋ, ಯಾರು ಬೇಡ ಅಂದ್ರು!"

ಗಲ್ಲಿಯವರೆಲ್ಲ ನಕ್ಕರು. ಯೋಬ್ಸ್ಟನೂ ನಕ್ಕ.

ಆಗ ಆ ಸೀಮೆಯಲ್ಲೆಲ್ಲ ಯುದ್ಧ ನಡೆಯುತ್ತಿತ್ತು. ನದಿಯ ಆಚೆ ದಡದಲ್ಲಿ ಒಂದು ಸೈನ್ಯ ಬಂದು ಇಳಿದಿತ್ತು. ನದಿ ದಾಟಲು ದೋಣಿಗಳನ್ನು ಸಾಲಾಗಿ ಬಿಗಿದು ಸೇತುವೆ ಮಾಡಬೇಕಿತ್ತು. ಅದಕ್ಕೆ ಬೇಕಾದ ದಪ್ಪ ಹಗ್ಗಗಳನ್ನು ದಳಪತಿ ಸುತ್ತಲಿನ ಊರುಗಳಿಂದ ತರಿಸಿದ. ಎಷನ್‌ಫುರ್ಟಿಗೂ ಬೇಡಿಕೆ ಬಂತು. ಕೊಡದೆ ಇರುವಂತಿರಲಿಲ್ಲ, ಕೊಟ್ಟರೆ ಅದೇ ಹಗ್ಗದ ಮೇಲೆ ಫಿರಂಗಿಗಳು ಬರುತ್ತವೆ. ನಗರಸಭೆಯ ಹಿರಿಯ ಫಿಸ್ಟರ್ ಎಂಬವನು ಫೆಲ್ಟನ್‌ನನ್ನು ಕರೆಸಿ, ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಕೊಳೆತ ನಾರಿರುವ ಹಗ್ಗ ಹೊಸೆದು ಕೊಡುವಂತೆ ಕೇಳಿಕೊಂಡ. ಇಂಥ ಕೆಲಸ ನನ್ನ ಕೈಗೆ ಒಗ್ಗದು ಎಂದು ಫೆಲ್ಟನ್ ಮೊದಲು ಒಪ್ಪಲಿಲ್ಲ. ಫಿಸ್ಟರ್ ಅವನ ಎರಡೂ ಕೈ ಹಿಡಿದುಕೊಂಡು, "ಊರು ನಿನ್ನ ಬೆನ್ನ ಹಿಂದೆ ಇರುತ್ತದೆ" ಎಂದ. ಫೆಲ್ಟನ್ ಹೊಸೆದುಕೊಟ್ಟ. ಕೆಲವು ದಿನಗಳಲ್ಲಿ ಆ ಹಗ್ಗ ಹರಿಯಿತು. ಸೇತುವೆ ನಡುವೆ ಸೀಳಿಕೊಂಡು ಫಿರಂಗಿಗಳೂ ಕುದುರೆಗಳೂ ನೀರುಪಾಲಾದವು. ಸುದ್ದಿ ತಲುಪಿದ ದಿನ ಜನ ಫೆಲ್ಟನ್‌ನನ್ನು ಹೆಗಲ ಮೇಲೆ ಹೊತ್ತು ಚೌಕ ಸುತ್ತಿಸಿದರು.

ಆದರೆ ಒಂದು ತಪ್ಪಾಗಿತ್ತು. ಹಗ್ಗ ಹೊಸೆಯುವ ಪ್ರತಿಯೊಂದು ಊರಿಗೂ ಅದರದೇ ಬಣ್ಣದ ಗುರುತಿನ ನೂಲು ಇತ್ತು. ಎಷನ್‌ಫುರ್ಟಿನದು ಹಳದಿ. ಆ ನೂಲನ್ನು ಎಳೆಗಳ ನಡುವೆ ಸೇರಿಸದೆ ಯಾವ ಯಜಮಾನನೂ ಹಗ್ಗ ಹೊಸೆಯುತ್ತಿರಲಿಲ್ಲ. ಕೆಟ್ಟ ಹಗ್ಗ ಹೊಸೆಯುತ್ತಿದ್ದೇನೆ ಎಂದು ಫೆಲ್ಟನ್‌ನ ತಲೆಗೆ ತಿಳಿದಿತ್ತು, ಅವನ ಬೆರಳುಗಳಿಗೆ ತಿಳಿದಿರಲಿಲ್ಲ. ಅವು ಹಳದಿ ನೂಲನ್ನು ಸೇರಿಸಿಯೇ ಬಿಟ್ಟವು. ನೀರಿನಿಂದ ಎತ್ತಿದ ಹಗ್ಗದ ತುಂಡಿನಲ್ಲಿ ಸೈನಿಕರಿಗೆ ಅದು ಕಂಡಿತು. ಉಳಿದ ಸೈನ್ಯವನ್ನು ನದಿಯ ಮೇಲ್ಭಾಗದಲ್ಲಿ ನೀರು ಆಳವಿಲ್ಲದ ಕಡೆ ದಾಟಿಸಿದ ದಳಪತಿ ನೇರವಾಗಿ ಈ ಊರಿನ ಬಾಗಿಲಿಗೆ ಬಂದು ನಿಂತ. ಹಗ್ಗ ಹೊಸೆದವನನ್ನು ಒಪ್ಪಿಸಿ, ಇಲ್ಲವಾದರೆ ಊರಿಗೆ ಬೆಂಕಿ ಎಂದು ಹೇಳಿಕಳಿಸಿದ. ಒಪ್ಪಿಸಿದರೆ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟುವುದಿಲ್ಲ ಎಂದೂ ಮಾತು ಕೊಟ್ಟ. ಆ ಸಂಜೆ ಊರಿನವರೆಲ್ಲ ಚರ್ಚಿನಲ್ಲಿ ಸೇರಿ ಬಲಗೈ ಎತ್ತಿ ಆಣೆ ಮಾಡಿದರು. ಫೆಲ್ಟನ್‌ನ ಹೆಸರು ಹೇಳುವುದಿಲ್ಲ, ಅವನ ಕಡೆ ಬೆರಳು ತೋರುವುದಿಲ್ಲ, ಅವನ ಮೇಲೆ ಕೈ ಹಾಕುವುದಿಲ್ಲ ಎಂಬುದು ಆಣೆ. ಫೆಲ್ಟನ್ ಕಣ್ಣೀರು ಒರೆಸಿಕೊಂಡನಂತೆ. ಆಮೇಲೆ ಊರಿನೊಳಗೆ ಹಿಟ್ಟು ಕಡಿಮೆಯಾಗುತ್ತ ಬಂತು. ನೂಲು ಹಾಕದೇ ಇದ್ದಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದು ಮೊದಲು ಒಬ್ಬರು ಅಂದರು, ಆಮೇಲೆ ಎಲ್ಲರೂ ಅಂದರು. ಕೆಟ್ಟ ಹಗ್ಗ ಕೇಳಿದವರು ತಾವೇ ಎಂಬುದನ್ನು ಸಭೆಯಲ್ಲಿ ಯಾರೂ ನೆನಪಿಸಲಿಲ್ಲ.

ಆಣೆ ಮುರಿಯದೆ ಫೆಲ್ಟನ್‌ನನ್ನು ಒಪ್ಪಿಸುವ ದಾರಿಯನ್ನು ಕಂಡುಹಿಡಿದವನು ಫಿಸ್ಟರ್ ಎನ್ನುತ್ತಾರೆ. ಅವನು ಯೋಬ್ಸ್ಟನನ್ನು ಉಪ್ಪಿನ ಕಣಜದ ಹಿಂದೆ ಕರೆಸಿ ಮಾತಾಡಿದ.

"ನೀನು ಯಾರ ಹೆಸರನ್ನೂ ಹೇಳಬೇಕಿಲ್ಲ."

"ಮತ್ತೇನು ಮಾಡ್ಬೇಕು, ಸ್ವಾಮಿ?"

"ದಿನಾ ಮಾಡೋದನ್ನೇ. ಗುರುವಾರ ಬೆಳಿಗ್ಗೆ ರಾಟೆ ತಿರುಗಿಸು. ಗಲ್ಲಿಯ ಕೊನೆಯ ಬಾಗಿಲು ತೆಗೆದಿರುತ್ತದೆ. ಅಲ್ಲಿ ಯಾರೋ ನಾಲ್ಕು ಜನ ನಿಂತಿರುತ್ತಾರೆ. ಯಾರು ತಾನಾಗಿ ಅವರ ಹತ್ತಿರ ಬರುತ್ತಾನೋ ಅವನನ್ನು ಕರೆದುಕೊಂಡು ಹೋಗುತ್ತಾರೆ."

"ನಾನು ಸುಮ್ಮನಿದ್ದರೆ ಯಜಮಾನರು ನಿಂತುಬಿಡ್ತಾರೆ."

"ಅದಕ್ಕೇ ಸುಮ್ಮನಿರಬೇಡ." ಫಿಸ್ಟರ್ ಮತ್ತೆ ಹೇಳಿದ: "ಸಂಘದಲ್ಲಿ ಒಂದು ಜಾಗ ತೆರವಾಗುತ್ತದೆ. ಹೊರಗಿನವನು ಎಂಬ ಮಾತನ್ನು ಈ ಸಲ ಯಾರೂ ಎತ್ತುವುದಿಲ್ಲ."

ಗುರುವಾರ ಫೆಲ್ಟನ್ ಎಂದಿನಂತೆ ಸೊಂಟಕ್ಕೆ ಸೆಣಬು ಸುತ್ತಿಕೊಂಡು ಬಂದ. ಗಲ್ಲಿಯಲ್ಲಿ ಬೇರೆ ಯಾರ ರಾಟೆಯೂ ತಿರುಗುತ್ತಿರಲಿಲ್ಲ. ಎರಡೂ ಕಡೆಯ ಮನೆಗಳ ಕಿಟಕಿಗಳು ಮುಚ್ಚಿದ್ದವು. ಮುಚ್ಚಿ ಎಂದು ಯಾರೂ ಆಜ್ಞೆ ಮಾಡಿರಲಿಲ್ಲ. ಗುರುವಾರ ಬೆಳಿಗ್ಗೆ ಚಳಿ ಹೆಚ್ಚಂತೆ ಎಂಬ ಮಾತೊಂದು ಮನೆಯಿಂದ ಮನೆಗೆ ಹೋಗಿತ್ತು, ಅಷ್ಟೇ.

"ಏನೋ, ಗಲ್ಲಿಗೆ ಗಲ್ಲಿಯೇ ಸತ್ತಿದೆಯಾ?" ಎಂದ ಫೆಲ್ಟನ್.

"ಚರ್ಚಿನಲ್ಲಿ ಪ್ರಾರ್ಥನೆ, ಯಜಮಾನರೇ."

"ನಾವೂ ಹೋಗಬಹುದಿತ್ತಲ್ಲ."

"ಬಾವಿಯ ಹಗ್ಗ ಇವತ್ತೇ ಬೇಕಂತೆ."

"ದೇವರಿಗಿಂತ ಬಾವಿಗೇ ಅವಸರ. ಸರಿ, ತಿರುಗಿಸು."

ಯೋಬ್ಸ್ಟ್ ತಿರುಗಿಸಿದ. ಫೆಲ್ಟನ್ ಬೆರಳು ನೋಡುತ್ತ ಹಿಂದಕ್ಕೆ ನಡೆದ. ದಾರಿ ಸಲೀಸು, ದಾರಿ ಸಲೀಸು ಎಂದು ಕೂಗು ಹೋಗುತ್ತಿತ್ತು. ಕೊನೆಯ ಬಾಗಿಲಿನಿಂದ ನಾಲ್ವರು ಒಳಗೆ ಬಂದು ಸಾಲಾಗಿ ನಿಂತದ್ದು ಯೋಬ್ಸ್ಟನಿಗೆ ಸ್ಪಷ್ಟವಾಗಿ ಕಂಡಿತು. ಅವನೂ ಅವರೂ ಎದುರು ಬದುರು, ನಡುವೆ ಫೆಲ್ಟನ್‌ನ ಬಗ್ಗಿದ ತಲೆ. ಅರ್ಧ ದಾರಿಯಲ್ಲಿ ಮೇಲೊಂದು ಕಿಟಕಿ ಕಿರ್ ಎಂದಿತು. ಫೆಲ್ಟನ್ ಹೆಜ್ಜೆ ತಡೆದ. ತಲೆ ಎತ್ತಲಿಲ್ಲ.

"ಏನದು?"

"ಬೆಕ್ಕು."

"ದಾರಿ?"

"ಸಲೀಸು."

ಕಿಟಕಿ ಮತ್ತೆ ಮುಚ್ಚಿಕೊಂಡಿತು. ಫೆಲ್ಟನ್ ನಡೆದ. ಅವನ ಬೆನ್ನು ಒಬ್ಬ ಸೈನಿಕನ ಎದೆಗವಚಕ್ಕೆ ತಾಗಿದಾಗಲೂ ಅವನು ತಿರುಗಿ ನೋಡಲಿಲ್ಲ ಎನ್ನುತ್ತಾರೆ. ಗಲ್ಲಿಯ ಆಚೆ ತುದಿಯಲ್ಲಿದ್ದ ಯೋಬ್ಸ್ಟನನ್ನೇ ನೋಡಿದ. ಎಳೆ ಬಿಚ್ಚಿಹೋಗದಂತೆ ತುದಿಗೆ ಗಂಟು ಹಾಕಿ, ಮಣ್ಣಾಗದಂತೆ ಕಲ್ಲಿನ ಮೇಲಿಟ್ಟ. "ಸಲೀಸಾ, ಯೋಬ್ಸ್ಟ್?" ಎಂದು ಕೇಳಿದ. ದೊಡ್ಡ ದನಿಯಲ್ಲೇನೂ ಅಲ್ಲ. ಗಲ್ಲಿ ಅಷ್ಟು ನಿಶ್ಶಬ್ದವಾಗಿದ್ದರಿಂದ ಎಲ್ಲ ಮನೆಗಳಿಗೂ ಕೇಳಿಸಿತು. ಅವನನ್ನು ಹೊರಗೆ ಕರೆದುಕೊಂಡು ಹೋದ ಮೇಲೂ ಯೋಬ್ಸ್ಟನ ಕೈ ಸ್ವಲ್ಪ ಹೊತ್ತು ರಾಟೆ ತಿರುಗಿಸುತ್ತಲೇ ಇತ್ತು. ಹೊರಗೆ ಏನಾಯಿತು ಎಂದು ಊರಿನವರು ಯಾರೂ ನೋಡಲಿಲ್ಲ. ನೋಡಲು ಯಾರೂ ಗೋಡೆ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೈನ್ಯ ಡೇರೆ ಕಿತ್ತು ಹೊರಟಿತು. ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಲಿಲ್ಲ. ಆ ವಾರ ಕೊಟ್ಟ ಮಾತಿನಂತೆ ನಡೆದವನು ದಳಪತಿ ಒಬ್ಬನೇ.

ಯೋಬ್ಸ್ಟ್ ಯಜಮಾನನಾದ. ಮಾರ್ಗ್ರೆಟ್ ಅವನನ್ನು ಒಂದೇ ಮಾತು ಕೇಳಿದಳಂತೆ: "ನೀನು ಕೂಗಿದೆಯಾ?" ಯಾವಾಗಲೂ ಕೂಗುವಂತೆ ಕೂಗಿದೆ ಎಂದು ಅವನು ಹೇಳಿದ. ಅವಳು ಬಹಳ ವರ್ಷ ಕಾದಿದ್ದವಳು, ಮದುವೆಯಾದಳು. ಆದರೆ ಜೊತೆಯಲ್ಲಿ ಎಲ್ಲಿಗೆ ಹೋದರೂ ಅವನ ಹಿಂದೆಯೇ ನಡೆದಳು, ಅವನಿಗೆ ಬೆನ್ನು ಕೊಟ್ಟು ಒಂದು ದಿನವೂ ಮುಂದೆ ನಡೆಯಲಿಲ್ಲ. ಯಜಮಾನನಾದ ಮೇಲೆ ರಾಟೆ ಬೇರೆಯವರ ಕೈಗೆ ಹೋಯಿತು, ಹಿಂದಕ್ಕೆ ನಡೆಯುವ ಸರದಿ ಯೋಬ್ಸ್ಟನದಾಯಿತು. ಅದು ಅವನಿಂದ ಆಗಲಿಲ್ಲ. ಎದುರಿನವನು ಸಲೀಸು ಎಂದಾಗಲೆಲ್ಲ ಅವನ ತಲೆ ತಾನಾಗಿ ಹಿಂದಕ್ಕೆ ಹೊರಳುತ್ತಿತ್ತು. ಅವನ ಹಗ್ಗ ಒಂದೆಡೆ ದಪ್ಪ, ಒಂದೆಡೆ ತೆಳುವಾಯಿತು. ಕೊಂಡವರ ಕೊಡಗಳು ಬಾವಿಗೆ ಬಿದ್ದವು. ಬಾವಿಕಟ್ಟೆಯ ಹೆಂಗಸರು, "ಯಾರ ಹಗ್ಗ? ಸಲೀಸಪ್ಪನದಾ?" ಎಂದು ಆಡಿಕೊಂಡು ನಕ್ಕರು. ಗುರುವಾರ ಕಿಟಕಿ ಮುಚ್ಚಿಕೊಂಡಿದ್ದವರು ಇವರೇ. ಹೀಗೆ ಅವನಿಗೆ ಅಂಟಿದ ಹೆಸರು ಮೆಲ್ಲಗೆ ಗಲ್ಲಿಗೂ ಅಂಟಿತು. ನಗರಸಭೆ ಎರಡು ಸಲ ಸಂತರ ಹೆಸರಿಟ್ಟು ನೋಡಿತು. ನಿಲ್ಲಲಿಲ್ಲ.

ಇಷ್ಟು ಹೇಳಿ ಟ್ಸಾನ್ ಕೋಲಿನಿಂದ ಎರಡೂ ಬದಿ ತೋರಿಸುತ್ತಾರೆ. ಕಪ್ಪು ಮರದ ಚೌಕಟ್ಟಿನ ನಡುವೆ ಸುಣ್ಣ ಬಳಿದ ಗೋಡೆಗಳು, ರಸ್ತೆಯ ಕಡೆ ಬಾಗಿದ ಮೇಲ್ಮಹಡಿಗಳು, ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡಗಳು. ಸುತ್ತಲಿನ ಊರುಗಳೆಲ್ಲ ಆ ಯುದ್ಧದಲ್ಲಿ ಸುಟ್ಟುಹೋದವು, ಇಂಥ ಮನೆ ನೋಡಬೇಕೆಂದರೆ ಇಲ್ಲಿಗೇ ಬರಬೇಕು. ಜನ ಫೋಟೊ ತೆಗೆಯುತ್ತಾರೆ. ಗುಂಪಿನಲ್ಲಿ ಯಾರಾದರೊಬ್ಬರು ಪ್ರತಿ ಸಲವೂ, "ಅಷ್ಟು ಮನೆಗಳಲ್ಲಿ ಒಬ್ಬರೂ ಕೂಗಿ ಹೇಳಲಿಲ್ಲವೇ?" ಎಂದು ಕೇಳುತ್ತಾರೆ.

"ಹೇಳಿದ್ದರೆ ನೀವು ನೋಡೋದಕ್ಕೆ ಬರ್ತಿರಲಿಲ್ಲ" ಎನ್ನುತ್ತಾರೆ ಟ್ಸಾನ್.

ಆ ಗುರುವಾರ ಗಲ್ಲಿಯ ಕಡೆ ಕಿಟಕಿ ಇದ್ದ ಮನೆಗಳಲ್ಲಿ ಇಂದಿಗೂ ನಿಂತಿರುವುದು ಮೂವತ್ತೊಂದು.